ಅಪ್ರಿಯಸತ್ಯದ ಅಧಿಕಾರ

“ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ” ಎಂಬ ಗಾದೆಯು ಕನ್ನಡನಾಡಿನಲ್ಲಿ ಮನೆಮನೆಯ ಮಾತಾಗಿರುವುದು. ಇದನ್ನು ಉದಾಹರಿಸುವವನು ಸಾಮಾನ್ಯವಾಗಿ ಒದೆ ತಿಂದವನ ಪಕ್ಷದವನು. ತಾನು ಸತ್ಯವನ್ನೇ ಹೇಳಿದನೆಂದೂ, ಕೇಳಿದವನಿಗೆ ಸತ್ಯವನ್ನು ಸಹಿಸುವ ಶಕ್ತಿಯಿಲ್ಲದುದರಿಂದಲೇ ವಿರಸವುಂಟಾಯಿತೆಂದೂ ಅವನ ವಾದ. ಪಂಡಿತರಲ್ಲಿಯೂ ಇದೇ ಅರ್ಥದ ಬೇರೊಂದು ಮಾತು ಬಳಕೆಯಲ್ಲಿದೆ. ಯಥಾರ್ಥವಾದಿಯು ಲೋಕವಿರೋಧಿ ಎಂದು ಅವರು ಹೇಳುವರು. ಈ ಎರಡು ಮಾತುಗಳ ನೆರಳಿನಲ್ಲಿ ಎಷ್ಟೋ ಮಂದಿ ನೆಮ್ಮದಿಯಿಂದ ಕುಳಿತಿರುವರು. ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುವ ಮನೆಯನ್ನು ಹೊಕ್ಕು ವಿಚಾರಿಸಿದರೆ, ಅಲ್ಲಿ ಸುಳ್ಳು ಹೇಳಿದವರು ಬಹುಶಃ ಒಬ್ಬರೂ ಸಿಕ್ಕಲಾರರು. ಅಣ್ಣನೂ ನಿಜವನ್ನೇ ಹೇಳಿದನು, ತಮ್ಮನೂ ನಿಜವನ್ನೇ ಹೇಳಿದನು, ಇಬ್ಬರ ಹೆಂಡಿರೂ ನಿಜವನ್ನೇ ಹೇಳಿದರು. ಮನೆ ಮಾತ್ರ ಎರಡಾಯಿತು.

ಹಾಗಾದರೆ ಸತ್ಯವೆಂಬ ಒಂದೇ ಕಾರಣದಿಂದ ಯಾವ ಮಾತನ್ನಾದರೂ ಯಾರಿಗಾದರೂ ಆಡುವ ಅಧಿಕಾರವು ಮನುಷ್ಯನಿಗೆ ಬರುವುದೇ? ಬರುವುದಾದರೆ ಬಾಂಧವ್ಯಗಳು ಉಳಿಯುವ ಬಗೆ ಹೇಗೆ? ಬಾರದಾದರೆ ಸತ್ಯವು ಉಳಿಯುವ ಬಗೆ ಹೇಗೆ? ಈ ಪ್ರಶ್ನೆಯು ಹೊಸದಲ್ಲ. ಪ್ರಾಚೀನರು ಇದನ್ನು ಕೂಲಂಕಷವಾಗಿ ಆಲೋಚಿಸಿರುವರು. ಅವರ ಉತ್ತರವು ಮೇಲ್ನೋಟಕ್ಕೆ ತೋರುವಷ್ಟು ಸುಲಭವಾದುದಲ್ಲವಾದುದರಿಂದ ಅದನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತ.

ಭಗವದ್ಗೀತೆಯ ೧೭ನೆಯ ಅಧ್ಯಾಯದಲ್ಲಿ ತಪಸ್ಸನ್ನು ಶಾರೀರ, ವಾಙ್ಮಯ, ಮಾನಸ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಉಪವಾಸ ಜಾಗರಣೆಗಳೇ ತಪಸ್ಸೆಂದು ತಿಳಿದವನಿಗೆ, ಮಾತನಾಡುವುದೂ ಒಂದು ತಪಸ್ಸೆಂಬುದು ಆಶ್ಚರ್ಯಕರವಾಗಿ ತೋರಬಹುದು. ೧೫ನೆಯ ಶ್ಲೋಕವು ಅಂತಹ ಮಾತಿಗೆ ನಾಲ್ಕು ಲಕ್ಷಣಗಳನ್ನು ಹೇಳುವುದು: ಅದು ಕೇಳುವವನ ಮನಸ್ಸನ್ನು ಕಲಕಬಾರದು, ಸತ್ಯವಾಗಿರಬೇಕು, ಪ್ರಿಯವಾಗಿರಬೇಕು, ಹಿತವಾಗಿರಬೇಕು. ಶ್ರೀ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಈ ನಾಲ್ಕೂ ಒಟ್ಟಿಗೆ ಕೂಡಿಬರಬೇಕೆಂಬುದನ್ನು ವಿಶೇಷವಾಗಿ ಒತ್ತಿ ಹೇಳಿರುವರು. ಸತ್ಯವಾದ ಮಾತಿನಲ್ಲಿ ಉಳಿದ ಮೂರರಲ್ಲಿ ಒಂದು ಕಡಮೆಯಾದರೂ ಅದು ತಪಸ್ಸಲ್ಲ. ಹಾಗೆಯೇ ಪ್ರಿಯವಾದ ಮಾತಾಗಲಿ ಹಿತವಾದ ಮಾತಾಗಲಿ ಮಿಕ್ಕವುಗಳನ್ನು ಬಿಟ್ಟು ನಿಂತರೆ ತಪಸ್ಸೆನಿಸದು. ಇದಕ್ಕೆ ಅವರು ಕೊಡುವ ಉದಾಹರಣೆಯು, ಶಾಂತನಾಗಿದ್ದು ಅಧ್ಯಯನವನ್ನೂ ಯೋಗವನ್ನೂ ನಡೆಸುವಂತೆ ಹಿರಿಯನೊಬ್ಬನು ಕಿರಿಯನಿಗೆ ಹೇಳುವ ಬುದ್ಧಿವಾದ. ಆ ಪುಟ್ಟ ವಾಕ್ಯದಲ್ಲಿ ವತ್ಸ ಎಂಬ ಸಂಬೋಧನೆಯೂ ಸೇರಿರುವುದನ್ನು ವಾಚಕರು ಗಮನಿಸಬೇಕು. ಬುದ್ಧಿವಾದಕ್ಕಿಂತ ಹೆಚ್ಚಿನ ಕೆಲಸವನ್ನು ಆ ಒಂದು ಕರೆಯೇ ಮಾಡುತ್ತಿರುವುದು.

ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಪ್ರಸಿದ್ಧವಾದ ವಚನವು ಇನ್ನೂ ಬಿಗಿಯಾದ ಕಟ್ಟಳೆಯನ್ನು ವಿಧಿಸುವುದು. ಸತ್ಯವನ್ನು ಆಡಬೇಕು, ಪ್ರಿಯವನ್ನು ಆಡಬೇಕು. ಅಪ್ರಿಯವಾದ ಸತ್ಯವನ್ನು ಆಡಬಾರದು, ಪ್ರಿಯವೆಂದು ಅಸತ್ಯವನ್ನೂ ಆಡಬಾರದು ಎಂಬುದು ಅದರ ತಾತ್ಪರ್ಯ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುವನು: ಅಪ್ರಿಯಸತ್ಯವನ್ನು ಆಡಲೇಬಾರದೆಂದರೆ ವೈದ್ಯನು ರೋಗಿಗೆ ರೋಗವನ್ನು ಹೇಳುವುದು ಹೇಗೆ? ಉಪಾಧ್ಯಾಯನು ವಿದ್ಯಾರ್ಥಿಯ ತಪ್ಪನ್ನು ತಿದ್ದುವುದು ಹೇಗೆ? ಮಂತ್ರಿಯು ರಾಜನನ್ನು ತಡೆಯುವುದು ಹೇಗೆ? ತಪ್ಪುದಾರಿ ಹಿಡಿದ ಮಗನೆದುರು ತಂದೆಯು ಬಾಯಿ ಮುಚ್ಚಿ ಕುಳಿತಿರಬೇಕೇ? ಇಂತಹ ಮೌನವನ್ನು ಧರ್ಮವೆನ್ನುವುದಕ್ಕಿಂತ ಹೇಡಿತನವೆನ್ನುವುದೇ ಮೇಲು. ಆದುದರಿಂದ ಶಾಸ್ತ್ರವು ಅಸಾಧ್ಯವಾದುದನ್ನು ವಿಧಿಸುತ್ತಿದೆ, ಇಲ್ಲವೆ ಮುಖಸ್ತುತಿಗೆ ಸಮ್ಮತಿಯನ್ನು ಕೊಡುತ್ತಿದೆ ಎಂದು ಅವನ ವಾದ.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಬಿಡಲಾಗದು. ಸೂತ್ರರೂಪವಾದ ವಿಧಿಯು ಜೀವನದಲ್ಲಿ ಹೇಗೆ ನಡೆಯುವುದೆಂಬುದನ್ನು ತಿಳಿಯಲು ಇತಿಹಾಸಗ್ರಂಥವನ್ನು ನೋಡಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಮಹಾಭಾರತದ ಕರ್ಣಪರ್ವದಲ್ಲಿ ಈ ಪ್ರಶ್ನೆಗೇ ಮೀಸಲಾದಂತಿರುವ ಒಂದು ಪ್ರಸಂಗವಿದೆ. ಕುಮಾರವ್ಯಾಸನು ಕನ್ನಡಿಸಿದ ಹತ್ತು ಪರ್ವಗಳಲ್ಲಿ ಕರ್ಣಪರ್ವವೂ ಒಂದಾದುದರಿಂದ ಆ ಪರ್ವವು ಕನ್ನಡಿಗರಿಗೆ ಅಪರಿಚಿತವಲ್ಲ. ಇಲ್ಲಿ ಸಂಸ್ಕೃತಭಾರತದ ಕಥಾಕ್ರಮವನ್ನು ಅನುಸರಿಸಿದೆ.

ಯುದ್ಧದ ೧೭ನೆಯ ದಿನ. ಕರ್ಣನ ಬಾಣಗಳಿಂದ ಗಾಸಿಗೊಂಡ ಯುಧಿಷ್ಠಿರನು ಶಿಬಿರಕ್ಕೆ ಹಿಂದಿರುಗಿ ಮಲಗಿರುವನು. ರಣದಲ್ಲಿ ಅಣ್ಣನನ್ನು ಕಾಣದೆ ಕಳವಳಗೊಂಡ ಅರ್ಜುನನು ಭೀಮನನ್ನು ಅಲ್ಲಿ ನಿಲ್ಲಿಸಿ ಕೃಷ್ಣನೊಡನೆ ಶಿಬಿರಕ್ಕೆ ಬರುವನು. ಅವರಿಬ್ಬರನ್ನೂ ಕಂಡೊಡನೆ ಯುಧಿಷ್ಠಿರನು ಕರ್ಣನು ಹತನಾದನೆಂದೇ ಭಾವಿಸಿ ಹರ್ಷದಿಂದ ತಮ್ಮನನ್ನು ಕೊಂಡಾಡುವನು. ಕರ್ಣನಿನ್ನೂ ಬದುಕಿರುವನೆಂದು ತಿಳಿದ ಕ್ಷಣವೇ ಆ ಹರ್ಷವು ಕ್ರೋಧವಾಗಿ ತಿರುಗುವುದು. ಕರ್ಣನಿಗೆ ಹೆದರಿ, ಭೀಮನನ್ನು ಒಂಟಿಯಾಗಿ ಬಿಟ್ಟು ಓಡಿಬಂದಿರುವೆಯೆಂದೂ, ಕುಂತಿಯ ಗರ್ಭದಲ್ಲಿ ಹುಟ್ಟದಿದ್ದರೇ ಲೇಸಾಗಿತ್ತೆಂದೂ, ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಬೇಕೆಂದೂ ಅವನು ತಮ್ಮನನ್ನು ಹಳಿಯುವನು. ಕೇಳಿದ ಅರ್ಜುನನು ಕತ್ತಿಯನ್ನು ಹಿರಿಯುವನು. ಇಲ್ಲಿ ಶತ್ರುಗಳಾರೂ ಇಲ್ಲವಲ್ಲಾ, ಕತ್ತಿ ಏತಕ್ಕೆ ಎಂದು ಕೃಷ್ಣನು ವಿಚಾರಿಸಲು, ಗಾಂಡೀವವನ್ನು ಮತ್ತೊಬ್ಬರಿಗೆ ಕೊಡೆಂದವನ ತಲೆಯನ್ನು ಕತ್ತರಿಸುವುದಾಗಿ ತನ್ನಲ್ಲೇ ಒಂದು ಗುಟ್ಟಿನ ವ್ರತವಿರುವುದೆಂದೂ, ಸತ್ಯವನ್ನು ಉಳಿಸಿಕೊಳ್ಳುವುದಕ್ಕಾಗಿ ಅಣ್ಣನನ್ನು ಕೊಲ್ಲಬೇಕಾಗಿದೆಯೆಂದೂ ಉತ್ತರ ಬರುವುದು.

ಹದಿಮೂರು ವರ್ಷಗಳ ಕಷ್ಟದಲ್ಲಿ ಒಡೆಯದ ಸಹೋದರತ್ವವು ಕೆಲವು ಮಾತುಗಳಲ್ಲಿ ಕತ್ತಿಯ ಅಂಚಿಗೆ ಬಂದು ನಿಂತಿತು. ಇಬ್ಬರೂ ಕೆಟ್ಟವರಲ್ಲ. ಒಬ್ಬನು ಧರ್ಮರಾಜನೆನಿಸಿದವನು, ಇನ್ನೊಬ್ಬನು ಗೀತೆಯನ್ನು ಕೇಳಿದವನು. ಅಂತಹವರಿಗೇ ಈ ಗತಿಯಾದರೆ ಸಾಮಾನ್ಯರ ಪಾಡೇನೆಂಬುದನ್ನು ವ್ಯಾಸರು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮೊದಲು ಅಣ್ಣನ ಮಾತನ್ನು ನೋಡಬೇಕು. ಯುಧಿಷ್ಠಿರನ ಮೈಯಲ್ಲಿ ಗಾಯವಿತ್ತು. ಅದಕ್ಕಿಂತ ಆಳವಾದ ಗಾಯವು ಮನಸ್ಸಿನಲ್ಲಿತ್ತು. ಆ ನೋವು ಹೊರಬೀಳಲು ದಾರಿಯನ್ನು ಹುಡುಕುತ್ತಿತ್ತು. ಎದುರಿಗೆ ಸಿಕ್ಕಿದವನು ಅತ್ಯಂತ ಪ್ರಿಯನಾದ ತಮ್ಮ. ಲೋಕದಲ್ಲಿ ಆಗುವುದೂ ಹೀಗೆಯೇ. ಕಚೇರಿಯಲ್ಲಿ ಅಧಿಕಾರಿಯಿಂದ ಬೈಗುಳನ್ನು ತಿಂದವನು ಅಲ್ಲಿ ಸುಮ್ಮನಿದ್ದು ಮನೆಗೆ ಬಂದು ಹೆಂಡತಿಯ ಅಡಿಗೆಯಲ್ಲಿ ತಪ್ಪನ್ನು ಹುಡುಕುವನು. ಸಾರಿಗೆ ಉಪ್ಪು ಹೆಚ್ಚಾಗಿರುವುದು ಸತ್ಯವಾಗಿಯೂ ಇರಬಹುದು. ಆದರೆ ಆ ಮಾತನ್ನು ಹೊರಡಿಸಿದುದು ಉಪ್ಪಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಸ್ವತಃ ನೊಂದಿರುವಾಗಲೂ ಮತ್ತೊಬ್ಬರ ಮರ್ಮವನ್ನು ಚುಚ್ಚುವ ಮಾತನ್ನಾಡಬಾರದೆಂದು ಬ್ರಹ್ಮಚಾರಿಗೆ ವಿಧಿಸಿರುವುದು ಈ ಕಾರಣದಿಂದಲೇ. ನೋಯದಿರುವಾಗ ಮೃದುವಾಗಿರುವುದು ದೊಡ್ಡದಲ್ಲ. ನೊಂದಿರುವಾಗ ನಾಲಗೆಯನ್ನು ಹಿಡಿಯುವುದೇ ತಪಸ್ಸು.

ಇನ್ನು ತಮ್ಮನ ಸತ್ಯ. ಅರ್ಜುನನಿಗೆ ಕೃಷ್ಣನು ಹೇಳುವ ಮೊದಲನೆಯ ಮಾತೇ, ಹಿರಿಯರ ಸೇವೆಯನ್ನು ಅವನು ಸರಿಯಾಗಿ ಮಾಡಿಲ್ಲವೆಂಬುದು. ಅನಂತರ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುವನು. ಕೌಶಿಕನು ನದಿಗಳ ಸಂಗಮದಲ್ಲಿ, ಊರಿಗೆ ಸ್ವಲ್ಪ ದೂರದಲ್ಲಿ ವಾಸವಾಗಿದ್ದವನು, ಸದಾ ಸತ್ಯವನ್ನೇ ಹೇಳುವ ವ್ರತವುಳ್ಳವನು, ಆದರೆ ಬಹುಶ್ರುತನಲ್ಲ. ಕಳ್ಳರಿಗೆ ಹೆದರಿ ಕೆಲವರು ಕಾಡನ್ನು ಹೊಕ್ಕರು. ಬೆನ್ನಟ್ಟಿ ಬಂದ ಕಳ್ಳರು ಕೌಶಿಕನನ್ನು ಕೇಳಿದರು. ಅವನು ಇದ್ದುದನ್ನು ಇದ್ದಂತೆ ಹೇಳಿದನು. ಅವರು ಹತರಾದರು, ಕೌಶಿಕನು ನರಕಕ್ಕೆ ಹೋದನು. ಅವನ ಮಾತಿನಲ್ಲಿ ಅಕ್ಷರಮಾತ್ರವೂ ಸುಳ್ಳಿರಲಿಲ್ಲ. ಅವನು ಕಾಪಾಡಿದುದು ತನ್ನ ವ್ರತವನ್ನು. ಕಳೆದುದು ಪರರ ಪ್ರಾಣವನ್ನು. ಧರ್ಮವೆಂಬ ಹೆಸರು ಬಂದಿರುವುದೇ ಧಾರಣೆಯಿಂದ, ಎಂದರೆ ಪ್ರಜೆಗಳನ್ನು ಹಿಡಿದು ನಿಲ್ಲಿಸುವುದರಿಂದ ಎಂದು ಕೃಷ್ಣನು ಅಲ್ಲಿಯೇ ವಿವರಿಸುವನು. ತನ್ನ ಸತ್ಯವಂತಿಕೆಯ ಹೆಮ್ಮೆಗಾಗಿ ಆಡಿದ ಸತ್ಯವು ಯಾರನ್ನೂ ಹಿಡಿದು ನಿಲ್ಲಿಸದು.

ಆದರೆ ವ್ರತದ ಗತಿ? ಕೃಷ್ಣನು ಕಂಡುಹಿಡಿದ ಉಪಾಯವು ಈ ಪ್ರಸಂಗದ ಸಾರ. ಮಾನ್ಯನಾದವನು ಗೌರವವಿರುವವರೆಗೆ ಮಾತ್ರ ಬದುಕಿರುವನು. ಅವಮಾನ ಹೊಂದಿದಾಗ ಜೀವಂತವಾಗಿಯೇ ಸತ್ತವನು. ಆದುದರಿಂದ ಇದುವರೆಗೆ ಗೌರವದಿಂದ ಕರೆಯುತ್ತಿದ್ದ ಅಣ್ಣನನ್ನು ಏಕವಚನದಲ್ಲಿ ನೀನೆಂದು ಕರೆದರೆ ಸಾಕು, ಅದೇ ಅವನ ವಧೆ ಎಂದನು. ಸಂಸ್ಕೃತದಲ್ಲಿ ಭವಾನ್ ಮತ್ತು ತ್ವಂ ಎಂಬ ಎರಡು ಶಬ್ದಗಳಿಗಿರುವ ಅಂತರವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳ ನಡುವೆ ಎಷ್ಟು ಸ್ನೇಹ, ಎಷ್ಟು ಭಯ, ಎಷ್ಟು ಜಗಳಗಳು ಅಡಗಿವೆಯೆಂಬುದನ್ನು ಪ್ರತಿಯೊಬ್ಬನೂ ಬಲ್ಲನು. ತಾಯಿಯನ್ನು ನೀನೆನ್ನುವ ಮಗನು ಆಕೆಗೆ ಹತ್ತಿರವಾಗುವನು. ಮುಪ್ಪಿನ ಆಳನ್ನು ನೀನೆನ್ನುವ ಎಳೆಯ ಒಡೆಯನು ಅವನನ್ನು ತುಳಿಯುವನು. ಶಬ್ದವು ಒಂದೇ, ಅದರ ಹಿಂದಿರುವ ಸಂಬಂಧವು ಬೇರೆ.

ಅರ್ಜುನನು ಹಾಗೆಯೇ ಮಾಡಿದನು. ಯುದ್ಧಭೂಮಿಗೆ ದೂರದಲ್ಲಿ ಕುಳಿತು ಆಡುವವನೆಂದೂ, ಜೂಜಾಡಿ ಎಲ್ಲರಿಗೂ ದುಃಖವನ್ನು ತಂದವನೆಂದೂ ಅಣ್ಣನನ್ನು ಮೂದಲಿಸಿದನು. ಇಲ್ಲಿ ವಾಚಕರು ಒಂದು ವಿಷಯವನ್ನು ನಿಂತು ನೋಡಬೇಕು. ಯುಧಿಷ್ಠಿರನು ಜೂಜಾಡಿದುದು ಸುಳ್ಳಲ್ಲ. ಅದರಿಂದ ರಾಜ್ಯ ಹೋದುದೂ, ದ್ರೌಪದಿಗೆ ಅವಮಾನವಾದುದೂ ಸುಳ್ಳಲ್ಲ. ಆದರೂ ಈ ಸತ್ಯವು ಕತ್ತಿಯ ಬದಲಾಗಿ, ಕತ್ತಿಯ ಕೆಲಸವನ್ನೇ ಮಾಡುವುದಕ್ಕಾಗಿ ವಿಧಿಸಲ್ಪಟ್ಟಿತು. ಅಪ್ರಿಯಸತ್ಯವು ಕೊಲೆಗೆ ಸಮಾನವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಾಗಿಲ್ಲ.

ಆಡಿ ಮುಗಿಸಿದ ಅರ್ಜುನನು ಪಶ್ಚಾತ್ತಾಪದಿಂದ ಪುನಃ ಕತ್ತಿಯನ್ನು ಹಿರಿದನು. ಈ ಸಲ ತನ್ನನ್ನೇ ಕೊಂದುಕೊಳ್ಳಲು. ಕೃಷ್ಣನು, ಆತ್ಮಹತ್ಯೆಗೂ ಬದಲುಂಟು, ತನ್ನ ಗುಣಗಳನ್ನು ತಾನೇ ಹೊಗಳಿಕೊಳ್ಳುವುದು ಎಂದು ವಿಧಿಸಿದನು. ಪರನಿಂದೆಯು ಪರಹತ್ಯೆ, ಆತ್ಮಪ್ರಶಂಸೆಯು ಆತ್ಮಹತ್ಯೆ. ಮನೆಗಳಲ್ಲಿ ನಡೆಯುವ ಜಗಳಗಳಲ್ಲಿ ಈ ಎರಡು ಕೊಲೆಗಳೂ ಒಂದೇ ಉಸಿರಿನಲ್ಲಿ ನಡೆಯುವುವು: ನೀನು ಏನು ಮಾಡಿದೆ ಎಂಬುದು ಒಂದು, ನಾನು ಎಷ್ಟು ಮಾಡಿದೆ ಎಂಬುದು ಇನ್ನೊಂದು. ಕಡೆಗೆ ಯುಧಿಷ್ಠಿರನು ಹಾಸಿಗೆಯಿಂದೆದ್ದು, ತಾನು ಕಾಡಿಗೆ ಹೋಗುವೆನು, ಭೀಮನೇ ರಾಜನಾಗಲಿ ಎಂದು ಹೊರಟನು. ಕೃಷ್ಣನು ಅಡ್ಡ ನಿಂತು ನಡೆದುದನ್ನು ತಿಳಿಸಿದ ಮೇಲೆ, ತಮ್ಮನು ಅಣ್ಣನ ಕಾಲುಗಳನ್ನು ಹಿಡಿದನು. ಅಣ್ಣನು ತಮ್ಮನನ್ನು ಎತ್ತಿ ತಬ್ಬಿಕೊಂಡನು. ಇಬ್ಬರೂ ಬಹಳ ಹೊತ್ತು ಅತ್ತರು. ಆ ದಿನವೇ ಕರ್ಣವಧೆಯಾಯಿತು. ಈ ಅಳುವಿಲ್ಲದೆ ಆ ಜಯವಿರುತ್ತಿರಲಿಲ್ಲ.

ಹಾಗಾದರೆ ಯುಧಿಷ್ಠಿರನ ಜೂಜಿನ ತಪ್ಪನ್ನು ಯಾರೂ ಎಂದೂ ಹೇಳಬಾರದಾಗಿತ್ತೇ? ಹೇಳಿದವರುಂಟು. ವನಪರ್ವದಲ್ಲಿ, ದ್ವೈತವನದಲ್ಲಿದ್ದಾಗ, ದ್ರೌಪದಿಯು ಗಂಡನ ತಾಳ್ಮೆಯನ್ನು ಕಟುವಾಗಿ ಪ್ರಶ್ನಿಸುವಳು; ಭೀಮನು ಇನ್ನೂ ಕಟುವಾಗಿ ಆಡುವನು. ಅದಕ್ಕೆ ಯುಧಿಷ್ಠಿರನು ಕೊಡುವ ಉತ್ತರವು ಬಹು ಗಂಭೀರವಾದುದು. ಭೀಮನು ಹೇಳುತ್ತಿರುವುದು ನಿಸ್ಸಂಶಯವಾಗಿ ಸತ್ಯವೆಂದೂ, ಅವನ ಮಾತುಗಳು ಮುಳ್ಳಿನಂತೆ ಚುಚ್ಚಿದರೂ ಅವನನ್ನು ದೂಷಿಸುವುದಿಲ್ಲವೆಂದೂ, ತನ್ನ ಅನ್ಯಾಯದಿಂದಲೇ ಅವರೆಲ್ಲರಿಗೂ ಈ ದುಃಖವು ಬಂದಿತೆಂದೂ ಒಪ್ಪಿಕೊಳ್ಳುವನು. ದ್ವೈತವನದಲ್ಲಿ ಆಡಿದ ಸತ್ಯವೂ ಶಿಬಿರದಲ್ಲಿ ಆಡಿದ ಸತ್ಯವೂ ಒಂದೇ. ಒಂದರಿಂದ ಅಣ್ಣನ ಮನಸ್ಸು ತೆರೆಯಿತು. ಇನ್ನೊಂದರಿಂದ ಅಣ್ಣನು ಬದುಕನ್ನೇ ಬಿಟ್ಟು ಹೊರಟನು. ಈ ಭೇದಕ್ಕೆ ಕಾರಣವೇನೆಂಬುದನ್ನು ಕಂಡುಕೊಂಡರೆ ಪ್ರಕೃತ ಪ್ರಶ್ನೆಗೆ ಉತ್ತರವು ದೊರೆಯುವುದು.

ಸಂಸ್ಕೃತ ಪಾಠಶಾಲೆಯಲ್ಲಿ ಯಾವುದೇ ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ಅನುಬಂಧಚತುಷ್ಟಯವನ್ನು ವಿಚಾರಿಸುವ ಸಂಪ್ರದಾಯವಿದೆ. ಗ್ರಂಥದ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿಯು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಗ್ರಂಥದಲ್ಲಿ ಪ್ರವೃತ್ತಿಯೇ ಕೂಡದು. ಒಂದು ಪುಸ್ತಕವನ್ನು ತೆರೆಯುವುದಕ್ಕೆ ಇಷ್ಟು ವಿಚಾರವು ಬೇಕಾದರೆ, ಒಬ್ಬ ಮನುಷ್ಯನ ಮರ್ಮವನ್ನು ಮುಟ್ಟುವ ಮಾತನ್ನು ತೆರೆಯುವುದಕ್ಕೆ ಅದು ಬೇಡವೇ? ಶಾಸ್ತ್ರದಲ್ಲಿ ಈ ಶಬ್ದಗಳಿಗೆ ನಿಯತವಾದ ಅರ್ಥಗಳಿವೆ. ಮಾತಿನ ವಿಚಾರದಲ್ಲಿ ಅವುಗಳನ್ನು ಸಾದೃಶ್ಯದಿಂದ ಅನ್ವಯಿಸಿಕೊಳ್ಳಲು ಅಡ್ಡಿಯಿಲ್ಲ.

ಮೊದಲನೆಯದು ವಿಷಯ. ಆಡಬೇಕೆಂದಿರುವುದು ನಿಜವಾಗಿಯೂ ಸತ್ಯವೇ? ಯೋಗಸೂತ್ರಗಳ ಭಾಷ್ಯದಲ್ಲಿ, ಕಂಡಂತೆ, ಊಹಿಸಿದಂತೆ, ಕೇಳಿದಂತೆ ಮಾತೂ ಮನಸ್ಸೂ ಇರುವುದೇ ಸತ್ಯವೆಂದು ಹೇಳಿದೆ. ಕಂಡುದು ಬೇರೆ, ಊಹಿಸಿದುದು ಬೇರೆ, ಕೇಳಿದುದು ಬೇರೆ. ಓಣಿಯಲ್ಲಿ ಕೇಳಿದುದನ್ನು ಕಣ್ಣಾರೆ ಕಂಡಂತೆ ಹೇಳುವವನೂ, ಸೊಸೆಯು ಬಾಗಿಲನ್ನು ಜೋರಾಗಿ ಹಾಕಿದುದನ್ನು ಕೇಳಿ ಆಕೆಯ ಮನಸ್ಸಿನ ಅಭಿಪ್ರಾಯವನ್ನೇ ಕಂಡಂತೆ ಹೇಳುವವಳೂ ಸತ್ಯವಾದಿಗಳಲ್ಲ. ಕರ್ಣನಿಗೆ ಹೆದರಿ ಓಡಿಬಂದನೆಂಬ ಯುಧಿಷ್ಠಿರನ ಮಾತು ಈ ಮೊದಲನೆಯ ಪರೀಕ್ಷೆಯಲ್ಲಿಯೇ ಬಿದ್ದುಹೋಗುವುದು. ಅರ್ಜುನನು ಬಂದುದು ಅಣ್ಣನ ಚಿಂತೆಯಿಂದ.

ಎರಡನೆಯದು ಪ್ರಯೋಜನ. ಅದೇ ಯೋಗಭಾಷ್ಯವು, ಮಾತು ಹುಟ್ಟಿರುವುದು ಪ್ರಾಣಿಗಳ ಉಪಕಾರಕ್ಕಾಗಿಯೇ ಹೊರತು ಪೀಡೆಗಾಗಿ ಅಲ್ಲವೆಂದೂ, ಪೀಡಿಸುವ ಮಾತು ಸತ್ಯದಂತೆ ತೋರಿದರೂ ಪಾಪವೇ ಎಂದೂ ಹೇಳುವುದು. ವೈದಿಕೇತರ ಸಂಪ್ರದಾಯಗಳೂ ಈ ವಿಷಯದಲ್ಲಿ ಏಕಕಂಠವಾಗಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಸತ್ಕಥನವೇ ಅನೃತವೆಂಬ ಲಕ್ಷಣವಿದೆ. ಅದಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ಬರೆದ ಪೂಜ್ಯಪಾದಾಚಾರ್ಯರು ಕರ್ಣಾಟಕದ ಜೈನಪರಂಪರೆಯಲ್ಲಿ ಪರಮಪೂಜ್ಯರು. ಅಸತ್ ಎಂದರೆ ಇಲ್ಲದುದು ಎಂದಷ್ಟೇ ಅವರು ಅರ್ಥಮಾಡಲಿಲ್ಲ. ಅಪ್ರಶಸ್ತವಾದುದು ಎಂದು ಅರ್ಥಮಾಡಿ, ಇರುವ ವಿಷಯವನ್ನು ಕುರಿತುದಾಗಲಿ ಇಲ್ಲದ ವಿಷಯವನ್ನು ಕುರಿತುದಾಗಲಿ ಪ್ರಾಣಿಪೀಡೆಯನ್ನುಂಟುಮಾಡುವ ಮಾತೆಲ್ಲವೂ ಅಪ್ರಶಸ್ತವೆಂದು ನಿರ್ಣಯಿಸಿದರು. ಕುರುಡನನ್ನು ಕುರುಡನೆಂದು ಕೂಗುವುದು ವಸ್ತುಸ್ಥಿತಿಗೆ ವಿರುದ್ಧವಲ್ಲ. ಆದರೆ ಈ ನಿರ್ಣಯದಂತೆ ಅದು ಅನೃತವೇ ಸರಿ.

ಮೂರನೆಯದು ಸಂಬಂಧ. ಇದಕ್ಕೆ ಬೌದ್ಧರ ಮಜ್ಝಿಮನಿಕಾಯದ ಅಭಯರಾಜಕುಮಾರಸುತ್ತದಲ್ಲಿ ಮನೋಜ್ಞವಾದ ದೃಷ್ಟಾಂತವಿದೆ. ತಥಾಗತನು ಪರರಿಗೆ ಅಪ್ರಿಯವಾದ ಮಾತನ್ನು ಆಡುವನೋ ಇಲ್ಲವೋ ಎಂದು ಅಭಯರಾಜಕುಮಾರನು ಬುದ್ಧನನ್ನು ಇಕ್ಕಟ್ಟಿಗೆ ಸಿಲುಕಿಸಲು ಕೇಳುವನು. ಆಗ ರಾಜಕುಮಾರನ ತೊಡೆಯ ಮೇಲೆ ಒಂದು ಹಸುಗೂಸು ಮಲಗಿತ್ತು. ಈ ಮಗುವು ಕಡ್ಡಿಯನ್ನೋ ಹರಳನ್ನೋ ಬಾಯಲ್ಲಿ ಹಾಕಿಕೊಂಡರೆ ಏನು ಮಾಡುವೆಯೆಂದು ಬುದ್ಧನು ಮರುಪ್ರಶ್ನೆ ಹಾಕಲು, ಒಂದು ಕೈಯಿಂದ ತಲೆಯನ್ನು ಹಿಡಿದು, ಇನ್ನೊಂದು ಕೈಯ ಬೆರಳನ್ನು ಬಾಗಿಸಿ, ರಕ್ತ ಬಂದರೂ ಸರಿಯೇ ಅದನ್ನು ತೆಗೆಯುವೆನು, ಏಕೆಂದರೆ ಮಗುವಿನಲ್ಲಿ ಕರುಣೆಯಿದೆ ಎಂದು ರಾಜಕುಮಾರನು ಉತ್ತರಿಸುವನು. ಅಪ್ರಿಯಸತ್ಯದ ಮರ್ಮವೆಲ್ಲವೂ ಆ ಎರಡು ಕೈಗಳಲ್ಲಿ ಅಡಗಿದೆ. ಒಂದು ಕೈಯು ಹರಳನ್ನು ತೆಗೆಯುವುದು. ಇನ್ನೊಂದು ಕೈಯು ತಲೆಯನ್ನು ಹಿಡಿದಿರುವುದು. ತಲೆಯನ್ನು ಹಿಡಿಯದೆ ಬೆರಳನ್ನು ಮಾತ್ರ ಬಾಯಿಗೆ ಹಾಕುವವನು ಮಗುವಿನ ಮಿತ್ರನಲ್ಲ. ಮಗುವು ತೊಡೆಯ ಮೇಲೆಯೇ ಇತ್ತೆಂಬುದನ್ನೂ ಮರೆಯಲಾಗದು. ದಾರಿಯಲ್ಲಿ ಹೋಗುವವನೊಬ್ಬನು ಬಂದು ಬಾಯಲ್ಲಿ ರಕ್ತ ಬರಿಸಿ ಹೊರಟುಹೋಗುವ ಸಂಗತಿಯಲ್ಲ ಇದು. ರಕ್ತ ಬಂದ ಮೇಲೆ ಒರಸುವವನೂ ಅವನೇ, ಅಳುವ ಮಗುವನ್ನು ಸಮಾಧಾನಪಡಿಸುವವನೂ ಅವನೇ.

ನಾಲ್ಕನೆಯದು ಅಧಿಕಾರಿ. ಲೋಕದಲ್ಲಿ ಹೇಳುವವನು, ತನಗೆ ಹೇಳುವ ಅಧಿಕಾರವುಂಟೆಂದು ತನ್ನನ್ನೇ ಕುರಿತು ಯೋಚಿಸುವನು. ಶಾಸ್ತ್ರದಲ್ಲಿ ಅಧಿಕಾರಿಯೆಂದರೆ ಹೇಳುವವನಲ್ಲ, ಕೇಳುವವನು. ಕೇಳುವವನು ಕೇಳುವ ಸ್ಥಿತಿಯಲ್ಲಿರುವನೇ, ಈಗ ಅದಕ್ಕೆ ಕಾಲವೇ ಎಂಬುದನ್ನು ನೋಡಬೇಕು. ಸತ್ಯವೂ ಹಿತವೂ ಆದ ಮಾತನ್ನು ಕೂಡ ತಥಾಗತನು ಕಾಲವನ್ನು ಅರಿತು ಆಡುವನೆಂದು ಅದೇ ಸುತ್ತವು ಹೇಳುವುದು. ಗಾಯಗೊಂಡು ಮಲಗಿದವನಿಗೆ ಜೂಜಿನ ತಪ್ಪನ್ನು ನೆನಪಿಸಲು ಅದು ಕಾಲವಾಗಿರಲಿಲ್ಲ. ದ್ವೈತವನದ ಬಿಡುವಿನಲ್ಲಿ, ಅದೇ ನೆಲದ ಮೇಲೆ ಮಲಗಿ ಅದೇ ಗೆಡ್ಡೆಗೆಣಸನ್ನು ತಿನ್ನುತ್ತಿದ್ದ ದ್ರೌಪದಿಗೂ ಭೀಮನಿಗೂ ಕಾಲವಿತ್ತು, ಸಂಬಂಧವಿತ್ತು, ಅಣ್ಣನನ್ನು ಎಬ್ಬಿಸಬೇಕೆಂಬ ಪ್ರಯೋಜನವೂ ಇತ್ತು.

ಹಾಗೆಂದು ಈ ಅಧಿಕಾರವು ಹುಟ್ಟಿನಿಂದಾಗಲಿ ವಯಸ್ಸಿನಿಂದಾಗಲಿ ಪದವಿಯಿಂದಾಗಲಿ ಬರುವುದೆಂದು ಭಾವಿಸಬಾರದು. ಧೃತರಾಷ್ಟ್ರನಿಗೆ ಅಪ್ರಿಯಸತ್ಯವನ್ನು ಎಡೆಬಿಡದೆ ಹೇಳಿದವನು ದಾಸಿಯ ಮಗನಾದ ವಿದುರ. ಇಂಪಾದುದನ್ನು ಹೇಳುವವರು ಎಲ್ಲೆಲ್ಲಿಯೂ ಸಿಕ್ಕುವರು, ಅಪ್ರಿಯವಾದರೂ ಪಥ್ಯವಾದುದನ್ನು ಹೇಳುವವನೂ ದುರ್ಲಭ, ಕೇಳುವವನೂ ದುರ್ಲಭ ಎಂಬ ಅರ್ಥದ ಶ್ಲೋಕವನ್ನು ಉದ್ಯೋಗಪರ್ವದಲ್ಲಿ ವಿದುರನು ಹೇಳುವನು. ರಾಮಾಯಣದ ಅರಣ್ಯಕಾಂಡದಲ್ಲಿ ಅದನ್ನೇ ಮಾರೀಚನು ರಾವಣನಿಗೆ ಹೇಳುವನು. ಎರಡು ಮಹಾಗ್ರಂಥಗಳೂ ಆದರದಿಂದ ಉಳಿಸಿಕೊಂಡ ಈ ಶ್ಲೋಕದಲ್ಲಿ ಕೇಳುವವನನ್ನೂ ಸಮಾನವಾಗಿ ಸೇರಿಸಿರುವುದು ಗಮನಾರ್ಹ. ಮನುವಚನವು ಕಟ್ಟಳೆಯಿಟ್ಟಿರುವುದು ಬರಿಯ ಅಪ್ರಿಯಕ್ಕೆ. ಪಥ್ಯವಾದ ಅಪ್ರಿಯಕ್ಕೆ ಅಲ್ಲ. ಔಷಧವು ಕಹಿಯಾಗಿರಬಹುದು, ಕಹಿಯಾದುದೆಲ್ಲವೂ ಔಷಧವಲ್ಲ.

ಇಲ್ಲಿ ಪೂರ್ವಪಕ್ಷಿಯು ಮತ್ತೊಮ್ಮೆ ಏಳುವನು. ಹಿತವೇ ಮುಖ್ಯವೆಂದಮೇಲೆ, ಹಿತಕ್ಕಾಗಿ ಸುಳ್ಳನ್ನೂ ಹೇಳಬಹುದೆಂದಾಯಿತಲ್ಲವೇ? ಸುಳ್ಳುಗಾರರೆಲ್ಲರೂ ಇದೇ ನೆಪವನ್ನು ಹೇಳುವುದಿಲ್ಲವೇ? ಈ ಭಯವು ನ್ಯಾಯವಾದುದು. ಪ್ರಾಣಾಪಾಯವೇ ಮೊದಲಾದ ಕೆಲವು ಸಂದರ್ಭಗಳಲ್ಲಿ ಅಸತ್ಯಕ್ಕೂ ಅವಕಾಶವಿದೆಯೆಂದು ಕೃಷ್ಣನು ಹೇಳುವುದು ನಿಜ. ಆದರೆ ಅಲ್ಲಿಯೂ, ಮೌನದಿಂದಲೇ ಪಾರಾಗಬಹುದಾದರೆ ಬಾಯಿ ತೆರೆಯಲೇಬಾರದೆಂದು ಅವನು ಹೇಳಿರುವನು. ಈ ಪ್ರಸಂಗಕ್ಕೆ ಎರಡೇ ದಿನಗಳ ಹಿಂದೆ, ಯುದ್ಧದ ೧೫ನೆಯ ದಿನ, ಅಶ್ವತ್ಥಾಮನು ಹತನಾದನೆಂದು ಯುಧಿಷ್ಠಿರನು ದ್ರೋಣನಿಗೆ ಅರ್ಧಸತ್ಯವನ್ನು ಹೇಳಿದನು. ಅದೂ ಹಿತದ ಹೆಸರಿನಲ್ಲಿ, ಕೃಷ್ಣನ ಪ್ರೇರಣೆಯಿಂದಲೇ. ಅದುವರೆಗೆ ನೆಲಕ್ಕೆ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದ್ದ ಅವನ ರಥವು ಅಂದು ನೆಲವನ್ನು ಮುಟ್ಟಿತು. ಹಿತಕ್ಕಾಗಿ ಆಡಿದ ಸುಳ್ಳಿಗೂ ಬೆಲೆಯನ್ನು ತೆರಬೇಕೆಂಬುದನ್ನು ವ್ಯಾಸರು ಮುಚ್ಚಿಡಲಿಲ್ಲ. ಬುದ್ಧನಂತೂ ತನ್ನ ವಿಭಾಗದಲ್ಲಿ, ಸುಳ್ಳಾದರೂ ಹಿತವಾದ ಮಾತೆಂಬ ಒಂದು ವರ್ಗವನ್ನೇ ಎಣಿಸಲಿಲ್ಲ. ಆದುದರಿಂದ ಹಿತವೆಂಬುದು ಸತ್ಯಕ್ಕೆ ಬದಲಾಗಿ ಬಂದುದಲ್ಲ. ಸತ್ಯದ ಮೇಲೆ ಬಂದ ಇನ್ನೊಂದು ಹೊರೆ. ನಾಲ್ಕೂ ಕೂಡಿರಬೇಕೆಂಬ ಭಾಷ್ಯಕಾರರ ನಿರ್ಣಯದ ಸ್ವಾರಸ್ಯವು ಇಲ್ಲಿಯೇ ಇದೆ.

ಈ ವಿಚಾರವು ಈ ಕಾಲಕ್ಕೆ ಇನ್ನೂ ಅಗತ್ಯವಾಗಿದೆ. ಹಿಂದೆ ಕೋಪದಲ್ಲಿ ಬರೆದ ಕಾಗದವು ಅಂಚೆಯ ಪೆಟ್ಟಿಗೆಯನ್ನು ಸೇರುವಷ್ಟರಲ್ಲಿ ಕೋಪವು ಅರ್ಧ ಇಳಿದಿರುತ್ತಿತ್ತು. ಎಷ್ಟೋ ಕಾಗದಗಳು ಜೇಬಿನಲ್ಲಿಯೇ ಹರಿದುಹೋಗುತ್ತಿದ್ದುವು. ಈಗ ಮೊಬೈಲಿನಲ್ಲಿ ಬೆರಳನ್ನು ಒತ್ತಿದೊಡನೆ ಮಾತು ತಲಪಿಬಿಡುವುದು. ಮಾತು ಹೋಗುವುದು, ಮುಖವು ಹೋಗುವುದಿಲ್ಲ. ಅಕ್ಷರವು ಹೋಗುವುದು, ವತ್ಸ ಎಂಬ ಕರೆಯ ದನಿಯು ಹೋಗುವುದಿಲ್ಲ. ತಲೆಯನ್ನು ಹಿಡಿಯುವ ಕೈಯನ್ನು ಮನೆಯಲ್ಲಿಟ್ಟು ಬೆರಳನ್ನು ಮಾತ್ರ ಕಳುಹಿಸಿದಂತಾಗುವುದು. ಮೇಲಾಗಿ ಹತ್ತು ಮಂದಿ ನೆಂಟರು ಓದುವ ಕಡೆ ಒಬ್ಬನ ತಪ್ಪನ್ನು ಬರೆಯುವುದು ವಾಡಿಕೆಯಾಗಿದೆ. ಮಾನ್ಯನಿಗೆ ಅವಮಾನವೇ ವಧೆಯೆಂಬ ಕೃಷ್ಣನ ವಾಕ್ಯವನ್ನು ಅಲ್ಲಿ ನೆನೆಯಬೇಕು. ದೂರದೇಶದಲ್ಲಿರುವ ಮಗನು ಮುಪ್ಪಿನ ತಂದೆಗೆ ಹೇಳಬೇಕಾದ ಕಠಿಣವಾದ ಮಾತನ್ನು ಬರೆದು ಕಳುಹಿಸುವುದಕ್ಕಿಂತ ದನಿಯಲ್ಲಿ ಹೇಳುವುದು ಮೇಲು. ಹತ್ತಿರ ಕುಳಿತು ಹೇಳುವುದು ಅದಕ್ಕಿಂತ ಮೇಲು.

ಹೇಳುವವನು ತನ್ನನ್ನು ತಪ್ಪಿನ ಹೊರಗೆ ನಿಲ್ಲಿಸಿಕೊಳ್ಳದಿರುವುದೂ ಅವಶ್ಯ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ವಿದ್ಯೆಯನ್ನು ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ಸತ್ಯವನ್ನು ಹೇಳೆಂದು ಮೊದಲು ವಿಧಿಸುವನು. ಅನಂತರ,ತಮ್ಮಲ್ಲಿ ಯಾವುವು ಒಳ್ಳೆಯ ನಡತೆಗಳೋ ಅವುಗಳನ್ನೇ ಅನುಸರಿಸಬೇಕು, ಉಳಿದವುಗಳನ್ನಲ್ಲ ಎಂದು ತಾನೇ ಹೇಳುವನು. ತನ್ನಲ್ಲಿಯೂ ಬಿಡತಕ್ಕುದು ಇದೆಯೆಂದು ಒಪ್ಪಿದ ಗುರುವಿನ ಬಾಯಿಂದ ಬಂದ ತಿದ್ದುಪಡಿಯು ಶಿಷ್ಯನಿಗೆ ಒದೆಯಂತೆ ತೋರದು.

ವಿದುರನ ಕಥೆಯ ಉಳಿದ ಭಾಗವನ್ನು ನೋಡಿದರೆ ಈ ವಿಚಾರವು ಪೂರ್ಣವಾಗುವುದು. ಅವನ ಪಥ್ಯವಾದ ಮಾತನ್ನು ಸಹಿಸಲಾರದೆ ಧೃತರಾಷ್ಟ್ರನು ಒಮ್ಮೆ ಅವನನ್ನು ಎಲ್ಲಿಗಾದರೂ ಹೋಗೆಂದು ಬಿಟ್ಟುಬಿಟ್ಟನು. ವಿದುರನು ಕಾಡಿನಲ್ಲಿದ್ದ ಪಾಂಡವರ ಬಳಿಗೆ ಹೋದನು. ತಮ್ಮನಿಲ್ಲದೆ ತಳಮಳಿಸಿದ ಕುರುಡ ಅಣ್ಣನು ಸಂಜಯನನ್ನು ಅಟ್ಟಿ ಕರೆಯಿಸಿದೊಡನೆ, ಮುನಿಸನ್ನು ಇಟ್ಟುಕೊಳ್ಳದೆ ಹಿಂದಿರುಗಿದನು. ಬಂದಮೇಲೂ ಸತ್ಯವನ್ನು ಹೇಳುವುದನ್ನು ಬಿಡಲಿಲ್ಲ. ಧೃತರಾಷ್ಟ್ರನು ಆ ಮಾತುಗಳನ್ನು ನಡೆಸಲಿಲ್ಲ. ನೂರು ಮಕ್ಕಳನ್ನು ಕಳೆದುಕೊಂಡನು. ಆಗಲೂ ವಿದುರನು, ಹೇಳಿದ್ದೆನಲ್ಲಾ ಎಂದು ದೂರ ಸರಿಯಲಿಲ್ಲ. ಕಡೆಗೆ ಆ ಮುದುಕನು ಕಾಡಿಗೆ ಹೊರಟಾಗ ಜೊತೆಯಲ್ಲಿ ಹೊರಟವರಲ್ಲಿ ಅವನೂ ಒಬ್ಬನು. ಅಪ್ರಿಯಸತ್ಯವನ್ನಾಡಲು ಅಧಿಕಾರವುಳ್ಳವನ ಲಕ್ಷಣವು ಇದು: ಕೇಳಿದರೂ ಕೇಳದಿದ್ದರೂ ಅವನು ಬಿಟ್ಟುಹೋಗನು. ಎದ್ದು ಬಂದು ಎದೆಗೆ ಒದ್ದರೂ ಮರುದಿನ ಬಾಗಿಲಿಗೆ ಬಂದು ಯೋಗಕ್ಷೇಮವನ್ನು ವಿಚಾರಿಸಬಲ್ಲವನು ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ಅಷ್ಟು ಸಿದ್ಧತೆಯಿಲ್ಲದವನು ಸುಮ್ಮನಿರುವುದು ಸತ್ಯಕ್ಕೂ ಬಾಂಧವ್ಯಕ್ಕೂ ಕ್ಷೇಮಕರ.